ಮೊದಲ ದೋಷಸಂದೇಶದ ಓದು

ಕಾಸರಗೋಡಿನ ಶಾಲಾ ಗಣಕಗಳಲ್ಲಿರುವ ಕೈಟ್ ಲಿನಕ್ಸ್ ಉಬುಂಟುವನ್ನು ಆಧರಿಸಿದ್ದು. ಅದರಲ್ಲಿ, ಪ್ರೋಗ್ರಾಮಿನ ದೋಷ ಹುಡುಕಲು ನೆರವಾಗುವ ಜಿಡಿಬಿ ತಂತ್ರಾಂಶವನ್ನು ಮೂಲಸಂಕೇತದಿಂದ ಕಟ್ಟಹೊರಟ ವಿದ್ಯಾರ್ಥಿಗಳು, ‘ಮೇಕ್’ ಆದೇಶ ನಡುವೆ ನಿಂತೊಡನೆ ಪರದೆಯ ಕೊನೆಯ ಸಾಲನ್ನು ನೋಡಿ ಕೈಚೆಲ್ಲುತ್ತಾರೆ. ಆ ಸಾಲು ಕೆಲಸ ನಿಂತಿತೆಂದಷ್ಟೇ ಹೇಳುತ್ತದೆ. ಕಾರಣವಿರುವುದು ಮೇಲೆ, ಮೊದಲ ದೋಷಸಂದೇಶದಲ್ಲಿ. ಆ ಇಂಗ್ಲಿಷ್ ವಾಕ್ಯವನ್ನು ಅವರಿಂದಲೇ ಓದಿಸಿ, ಕನ್ನಡದಲ್ಲಿ ಹೇಳಿಸಬೇಕು. ಹಲವು ಸಲ ಅದು ಜಿಎಂಪಿ ಅಥವಾ ಎಂಪಿಎಫ್‌ಆರ್ ಎಂಬ ಗಣಿತದ ಲೈಬ್ರರಿ ಇಲ್ಲವೆನ್ನುವ ದೂರು. ಲೈಬ್ರರಿ ಇದ್ದೂ ದೂರು ಬಂದರೆ ಅಚ್ಚರಿಯಿಲ್ಲ: ಕಟ್ಟುವ ಕೆಲಸಕ್ಕೆ, ಹೆಸರಿನ ತುದಿಯಲ್ಲಿ ‘ಡೆವ್’ ಎಂದಿರುವ ಪ್ಯಾಕೇಜು ಪ್ರತ್ಯೇಕವಾಗಿ ಬೇಕು. ಅದನ್ನು ಸ್ಥಾಪಿಸಿ, ಖಾಲಿ ಫೋಲ್ಡರಿನಲ್ಲಿ ‘ಕಾನ್ಫಿಗರ್’ನಿಂದ ಪುನಃ ಆರಂಭಿಸಬೇಕು. ಎಲ್ಲ ಮುಗಿದ ಮೇಲೂ ಹಳೆಯ ಆವೃತ್ತಿಯೇ ತೆರೆದರೆ ಮರಳಿ ಕಟ್ಟುವುದು ವ್ಯರ್ಥಶ್ರಮ. ಶೆಲ್ ಹಳೆಯ ವಿಳಾಸವನ್ನು ನೆನಪಿಟ್ಟಿರಬಹುದು, ಮೊದಲು ಹೊಸ ಟರ್ಮಿನಲ್ ತೆರೆದು ನೋಡಬೇಕು.