ಹೈಬ್ರಿಡ್ ಕಾರಿನ ಮೈಲೇಜು ಮತ್ತು ಕಬ್ಬಿನ ನೀರು
(ಕೆರೂರಿನಲ್ಲಿ ಮಾಡಿದ ಭಾಷಣದ ಪಠ್ಯ)



ಹೈಬ್ರಿಡ್ ಕಾರಿನ ಮಿತವ್ಯಯದ ಗುಟ್ಟಿರುವುದು ಬ್ರೇಕಿನಲ್ಲಿ. ಸಾಮಾನ್ಯ ಕಾರು ಬ್ರೇಕ್ ಹಾಕಿದಾಗ ಶಾಖವಾಗಿ ಕಳೆದುಕೊಳ್ಳುವ ಶಕ್ತಿಯ ಒಂದು ಪಾಲನ್ನು ಇದು ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುತ್ತದೆ. ಆದ್ದರಿಂದಲೇ ಕೆರೂರ ಪೇಟೆಯಲ್ಲಿ ನಿಂತು ನಿಂತು ಸಾಗುವಾಗ ಲಾಭ ಹೆಚ್ಚು. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯಲ್ಲಿ ಒಂದೇ ಸಮನೆ ವೇಗವಾಗಿ ಓಡಿಸಿದರೆ ಕಡಿಮೆ. ನಾನು ಘಟ್ಟದವನು, ನಮ್ಮ ಉದ್ದನೆಯ ಇಳಿಜಾರಿನಲ್ಲಿ ಅದರ ಚಿಕ್ಕ ಬ್ಯಾಟರಿ ಅರ್ಧ ದಾರಿಯಲ್ಲೇ ತುಂಬಿಬಿಡಬಹುದು, ಉಳಿದ ಶಕ್ತಿ ವ್ಯರ್ಥ. ಇಲ್ಲಿಯ ಏಪ್ರಿಲ್ ಬಿಸಿಲಿನಲ್ಲಿ ಏಸಿ ಹಾಕಿ ನಿಂತರೂ ಬ್ಯಾಟರಿ ತುಂಬಲು ಎಂಜಿನ್ ಆಗಾಗ ಎದ್ದು ದುಡಿಯಬೇಕು. ಬಿಡದಿಯಲ್ಲಿ 2022ರಿಂದ ತಯಾರಾದ ಹೈರೈಡರ್ ಹೈಬ್ರಿಡ್‌ಗೆ ಘೋಷಿಸಿದ ಲೀಟರಿಗೆ 27.97 ಕಿ.ಮೀ. ಎಂಬುದು ಪರೀಕ್ಷಾಲಯದ ಅಂಕಿ.

ಇನ್ನೊಂದು ಕಾರಣ ನನ್ನ ಶಾಸ್ತ್ರಕ್ಕೆ ಸೇರಿದ್ದು. 2025ರಲ್ಲಿ ದೇಶದ ಪೆಟ್ರೋಲು ಶೇ. 20ರಷ್ಟು ಎಥನಾಲ್ ಬೆರೆಸುವ ಹಂತವನ್ನು ಮುಟ್ಟಿತು. ಲೀಟರಿಗೆ ಲೀಟರು ತೂಗಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆ. ಈ ಮಿಶ್ರಣಕ್ಕೆ ಹೊಂದಿಸಿದ ಕಾರಿನಲ್ಲಿ ಮೈಲೇಜು ಶೇ. 1–2, ಹಳೆಯದರಲ್ಲಿ ಶೇ. 6–7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಕಬ್ಬಿನಿಂದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂಬ ಲೆಕ್ಕವೂ ಅದರಲ್ಲಿಯೇ ಇದೆ. ಅದನ್ನೇಕೋ ಯಾರೂ ಓದಿ ಹೇಳುವುದಿಲ್ಲ. ಮುಧೋಳ, ಜಮಖಂಡಿಯ ಕಬ್ಬು ಬೆಳೆಯುವುದು ಘಟಪ್ರಭಾ, ಕೃಷ್ಣೆಯರ ನೀರಿನಲ್ಲಿ. ವಿದ್ಯಾರ್ಥಿಗಳು ಒಂದು ವರ್ಷ ಟ್ಯಾಂಕು ತುಂಬಿಸಿದಾಗಲೆಲ್ಲ ಲೀಟರು, ಕಿಲೋಮೀಟರು ಬರೆದಿಡಲಿ. ಪಕ್ಕದಲ್ಲಿಯೇ ಈ ನೀರಿನ ಲೆಕ್ಕವನ್ನೂ ಬರೆಯಲಿ.