ಊರಿನ ಪುಟ್ಟ ಮನೆಗೆ ಗಾಜಿನ ಕೋಣೆಯೋ, ಕಲ್ಲಿನ ಕೋಣೆಯೋ?

(ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಕುವೈತಿನಲ್ಲಿ ಕುಳಿತು ದೊಡ್ಡದು ಮಾಡಿ ನೋಡು ಎಂದು ಸೇರಿಸುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ಆ ಭಾಗ್ಯ ನಮ್ಮದು! ಹಾಡು, ನೃತ್ಯ, ಸನ್ಮಾನಗಳ ನಡುವೆ ಕಲ್ಲು, ಗಾಜು, ಹಂಚುಗಳ ಮಾತೇಕೆ ಎನ್ನಬೇಡಿ. ಈ ದೇಶದಲ್ಲಿ ಎಷ್ಟು ವರ್ಷ ಕಳೆದರೂ ನಾವು ಬಾಡಿಗೆ ಮನೆಯವರು. ಇಕಾಮ ಇರುವ ತನಕ ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್. ಅದು ಮುಗಿದ ಮೇಲೆ ಊರು. ಆದ್ದರಿಂದ ಊರಿನ ಮನೆಯ ಮಾತು ನಮ್ಮೆಲ್ಲರ ಮಾತು.

ನಮ್ಮದು ಕುಂದಾಪುರದ ಹತ್ತಿರ ಕೆಂಪುಕಲ್ಲಿನ, ಹಂಚಿನ ಮಾಡಿನ ಪುಟ್ಟ ಮನೆ. ಜಗುಲಿ, ಚಾವಡಿ, ಎರಡು ಕೋಣೆ, ಅಡುಗೆಮನೆ. ಬಚ್ಚಲು ಹಿಂದಿನ ಅಂಗಳದಾಚೆ. ವರ್ಷವಿಡೀ ಅಪ್ಪಯ್ಯ, ಅಮ್ಮ ಇಬ್ಬರೇ. ರಜೆಯಲ್ಲಿ ನಾವು ನಾಲ್ವರು ಹೋದರೆ ಚಾವಡಿಯಲ್ಲಿ ಚಾಪೆಗೆ ಚಾಪೆ ತಾಗುತ್ತದೆ. ಕೈಯಲ್ಲಿರುವ ಹಣ ಒಂದೇ ಕೆಲಸಕ್ಕೆ ಸಾಲುವಂತಿತ್ತು. ಪಡುವಣ ದಿಕ್ಕಿಗೆ ತೆಂಗಿನ ತೋಟ ಕಾಣುವಂತೆ ಗಾಜಿನ ಕೋಣೆ ಮಾಡೋಣವೆಂದು ಮಕ್ಕಳು. ಬಚ್ಚಲು ಸೇರಿಸಿ ಇನ್ನೊಂದು ಕಲ್ಲಿನ ಕೋಣೆ ಕಟ್ಟೋಣವೆಂದು ಮೇಸ್ತ್ರಿ. ನಾವು ಗಂಡ ಹೆಂಡಿರು ಒಂದು ಇಡೀ ಚಳಿಗಾಲ ಇದನ್ನೇ ಚರ್ಚಿಸಿದೆವು.

ಗಾಜಿನ ಪರವಾಗಿ ಹೇಳುವುದು ಸಾಕಷ್ಟಿದೆ. ಅಲ್ಯೂಮಿನಿಯಂ ಚೌಕಟ್ಟು, ಸುತ್ತ ಗಾಜು, ಮೇಲೆ ಗಾಜು ಅಥವಾ ಪಾಲಿಕಾರ್ಬೊನೇಟ್ ಹಾಳೆ. ತೂಕ ಕಡಿಮೆ, ಆಳದ ಪಾಯ ಬೇಡ, ಕೆಲಸ ಬೇಗ ಮುಗಿಯುತ್ತದೆ, ಬೇಡವಾದರೆ ಬಿಚ್ಚಬಹುದು. ಕತ್ತಲೆಯ ಹಳೆ ಮನೆಗೆ ಬೆಳಕು ಬರುತ್ತದೆ. ಹೊರಗೆ ಆಷಾಢದ ಮಳೆ, ಒಳಗೆ ಬಿಸಿ ಕಾಫಿ! ಮರುಭೂಮಿಯಲ್ಲಿರುವ ಯಾರಿಗೆ ಬೇಡ ಹೇಳಿ?

ಆದರೆ ಗಾಜಿನ ಮನೆ ಹುಟ್ಟಿದ್ದು ಯಾವ ಊರಿಗೆಂದು ನೋಡಬೇಕು. ಶೀತದೇಶಗಳಲ್ಲಿ ಕಿತ್ತಳೆ, ನಿಂಬೆಯಂಥ ಬಿಸಿಲುನಾಡಿನ ಗಿಡಗಳನ್ನು ಚಳಿಯಿಂದ ಕಾಪಾಡಲು ಕಟ್ಟಿದ್ದು ಅದು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಅದರ ಮಾದರಿಯಲ್ಲೇ 1889ರಲ್ಲಿ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅಲ್ಲಿಯೂ ಮೆರೆಯುವುದು ಫಲಪುಷ್ಪಗಳೇ. ಯಾರೂ ಮಂಚ ಹಾಕಿ ಮಲಗುವುದಿಲ್ಲ.

ಗಾಜು ಬೆಳಕನ್ನು ಒಳಗೆ ಬಿಡುತ್ತದೆ. ನೆಲ, ಕುರ್ಚಿಗಳು ಕಾದು ಹೊರಸೂಸುವ ಶಾಖವನ್ನು ಹೊರಗೆ ಬಿಡುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ಝಳ ನಮಗೆ ಈ ಪಾಠವನ್ನು ದಿನವೂ ಹೇಳುತ್ತದೆ. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತಷ್ಟೇ. ಆದರೂ ಇಲ್ಲಿನ ಅವೆನ್ಯೂಸ್ ಮಾಲಿನ ಗಾಜಿನ ಮಾಡಿನಡಿ ನಾವು ಹಾಯಾಗಿ ಅಡ್ಡಾಡುತ್ತೇವೆ. ಆ ಹಾಯಿ ಗಾಜಿನದಲ್ಲ, ಹವಾನಿಯಂತ್ರಣದ್ದು.

ಇನ್ನೊಂದು ವಿಚಾರ. ಕುವೈತ್ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವುದರಿಂದ ಇಲ್ಲಿ ಸೂರ್ಯ ಎಂದೂ ನೇರ ನೆತ್ತಿಗೆ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಎರಡು ಸಲ ಬರುತ್ತಾನೆ: ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ. ಆಗಸ್ಟಿನಲ್ಲಿ ಹೆಚ್ಚಾಗಿ ಮೋಡದ ಮರೆ ಇರುತ್ತದೆ. ಏಪ್ರಿಲಿನಲ್ಲಿ ಮರೆ ಏನೂ ಇಲ್ಲ.

ಇಲ್ಲಿಗೆ ನಮ್ಮ ಚರ್ಚೆಯ ಗಂಟು ಸಡಿಲವಾಯಿತು. ಶಾಲೆಗಳ ಬೇಸಿಗೆ ರಜೆಯೆಂದರೆ ನಮಗೆ ಜುಲೈ, ಆಗಸ್ಟ್. ನಾವು ಊರಿನ ಮನೆಯನ್ನು ಕಾಣುವುದು ಮಳೆಗಾಲದಲ್ಲಿ ಮಾತ್ರ. ನಮ್ಮ ಕಣ್ಣಿನಲ್ಲಿರುವ ಮನೆ ಸದಾ ತಂಪಾಗಿರುವ, ಹಸಿರು ಸುತ್ತಿದ ಮನೆ. ಮಾರ್ಚಿನಿಂದ ಮೇವರೆಗೆ ಬೆವರು, ಸೆಕೆ, ಕೈಕೊಡುವ ಕರೆಂಟು, ಇವುಗಳೊಂದಿಗೆ ಬಾಳುವವರು ಅಪ್ಪಯ್ಯ, ಅಮ್ಮ. ಗಾಜಿನ ಕೋಣೆ ಒಂದು ತಿಂಗಳ ಅತಿಥಿಗಳಿಗೆ. ಕಲ್ಲಿನ ಕೋಣೆ ಹನ್ನೆರಡು ತಿಂಗಳು ಇರುವವರಿಗೆ. ಮಳೆಯಲ್ಲಿ ಛತ್ರಿ ಹಿಡಿದು, ಪಾಚಿಗಟ್ಟಿದ ಅಂಗಳ ದಾಟಿ, ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗುವ ಎಪ್ಪತ್ತೆಂಟರ ಮುದುಕರಿಗೆ ಬೇಕಾದುದು ತೋಟದ ನೋಟವಲ್ಲ. ತೋಟವನ್ನು ಅವರು ದಿನವೂ ನೋಡುತ್ತಾರೆ!

ಫೋನಿನಲ್ಲಿ ಕೇಳಿದಾಗ ಅಪ್ಪಯ್ಯ ಹೇಳಿದ್ದು ಇಷ್ಟೇ: "ನಿಮ್ಗೆ ಹ್ಯಾಂಗೆ ಬೇಕೋ ಹಾಂಗೆ ಮಾಡಿ, ನಾವು ಇನ್ನೆಷ್ಟು ವರ್ಷ?" ಈ ಮಾತನ್ನು ಒಪ್ಪಿಗೆಯೆಂದು ತಿಳಿಯಬಾರದು. ನಮ್ಮ ಹಿರಿಯರು ಬೇಕು ಎಂಬುದನ್ನು ಬೇಡ ಎಂಬ ಭಾಷೆಯಲ್ಲೇ ಹೇಳುವವರು.

ಕೋಣೆ ಕಟ್ಟುವುದೆಂದು ತೀರ್ಮಾನವಾಯಿತು. ಅನುಭವದಿಂದ ತಿಳಿದ ನಾಲ್ಕು ಮಾತು ಹೇಳುತ್ತೇವೆ; ಇದೇ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತು.

ಗಾಜಾಗಲಿ ಕಲ್ಲಾಗಲಿ, ಇದ್ದ ಮನೆಗೆ ಸೇರಿಸಿದರೆ ಅದು ಕಟ್ಟಡವೇ. ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯತಿಯ ಅನುಮತಿ ಪಡೆಯಬೇಕು. ಕರಾವಳಿಯಲ್ಲಿ ಪಾಯ ತೋಡುವುದು ಮಳೆ ನಿಂತ ಮೇಲೆ. ನಮ್ಮ ರಜೆಯ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಹಾಗಾಗಿ ಕೆಲಸ ನೋಡಿಕೊಳ್ಳುವ ಒಬ್ಬ ನಂಬಿಗಸ್ತರನ್ನು ಮೊದಲು ಗೊತ್ತುಮಾಡಿ, ಮೇಸ್ತ್ರಿಯನ್ನು ಆಮೇಲೆ. ಹೊಸ ಪಾಯ ಸ್ವಲ್ಪ ಕುಸಿದೇ ಕುಸಿಯುತ್ತದೆ. ಹಳೆ ಗೋಡೆಗೆ ಹೊಸ ಗೋಡೆಯನ್ನು ಗಟ್ಟಿಯಾಗಿ ಬೆಸೆದರೆ ಬಿರುಕು ಖಂಡಿತ, ನಡುವೆ ಸಂದು ಬಿಡಬೇಕು. ಎರಡು ಮಾಡು ಕೂಡುವಲ್ಲೇ ಸೋರಿಕೆ ಶುರು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಹೊಸ ಮಾಡನ್ನು ಹಳೆಯದರ ಸೂರಿನ ಕೆಳಗೆ ತಂದು ನೀರು ಹರಿದುಹೋಗುವಂತೆ ಮಾಡುವುದೇ ಜಾಣತನ.

ನಮ್ಮ ಕೋಣೆ ಚಾವಡಿಗೆ ಸಮವಾದ ನೆಲದಲ್ಲಿದೆ, ಹೊಸ್ತಿಲಿಲ್ಲ. ಬಾಗಿಲು ಮೂರು ಅಡಿ ಅಗಲ, ಗಾಲಿಕುರ್ಚಿ ಬರುವಷ್ಟು. ಎದುರುಬದುರು ಕಿಟಕಿ. ಬಚ್ಚಲಿನ ಗೋಡೆಗೆ ಹಿಡಿಕೆ. ಬೆಳಕಿನ ಆಸೆಯನ್ನೂ ಬಿಡಲಿಲ್ಲ: ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಹೆಸರಾದ ಆ ಕೆಂಪು ಹಂಚುಗಳ ನಡುವೆ ಆರು ಗಾಜಿನ ಹಂಚು ಕೂರಿಸಿದೆವು. ನಮ್ಮ ಪಾಲಿನ ಗಾಜಿನ ಮನೆ ಅಷ್ಟೇ, ಅದು ಧಾರಾಳವಾಯಿತು.

ಹಿಂದಿನವರು ಬಿಸಿಲಿನ ಸ್ವಭಾವ ಅರಿತೇ ಕಟ್ಟಿದ್ದರು. ಕುವೈತ್ ನಗರದ ಗಲ್ಫ್ ರಸ್ತೆಯಲ್ಲಿರುವ ಸದು ಹೌಸನ್ನು ಒಮ್ಮೆ ನೋಡಿ ಬನ್ನಿ. ಒಳಗೆ ಅಂಗಳ, ಸುತ್ತ ಕೋಣೆಗಳು. ನಮ್ಮ ತೊಟ್ಟಿ ಮನೆಯ ನೆನಪಾಗುತ್ತದೆ. ಬೆಳಕು ಮೇಲಿನಿಂದ, ನೆರಳು ಬದಿಯಿಂದ.

ಕೊನೆಯದಾಗಿ ಒಂದು ಮಾತು. 1990ರ ಆಗಸ್ಟ್ 2ರ ಬಳಿಕ ಎಲ್ಲವನ್ನೂ ಇಲ್ಲೇ ಬಿಟ್ಟು, ಅಮ್ಮಾನಿನ ಹಾದಿಯಲ್ಲಿ ಊರು ಸೇರಿದ ಹಿರಿಯರು ನಮ್ಮ ಸಮುದಾಯದಲ್ಲಿದ್ದಾರೆ. 2020ರ ಸಾಂಕ್ರಾಮಿಕದಲ್ಲೂ ಹಲವರು ಏಕಾಏಕಿ ಮರಳಬೇಕಾಯಿತು. ಅಂಥ ಹೊತ್ತಿನಲ್ಲಿ ಬೇಕಾಗುವುದು ಬಾಗಿಲು ಹಾಕಿಕೊಂಡು ಮಲಗಬಹುದಾದ ಒಂದು ಕೋಣೆ. ಇಂದು ತಂದೆತಾಯಿಗಾಗಿ ಕಟ್ಟಿದ್ದು ನಾಳೆ ನಮ್ಮನ್ನೂ ಕಾಯುತ್ತದೆ. ಆದುದರಿಂದ ನಕ್ಷೆ ಬರೆಸುವ ಮುನ್ನ ಊರಿಗೆ ಒಮ್ಮೆ ಏಪ್ರಿಲಿನಲ್ಲಿ ಹೋಗಿ ನಾಲ್ಕು ದಿನ ಇದ್ದು ಬನ್ನಿ. ಯಾವ ಕೋಣೆ ಬೇಕೆಂದು ಮನೆಯೇ ಹೇಳುತ್ತದೆ.