ತಾತನವರ ಪಿಟೀಲು
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಕಥೆಯನ್ನು ಈ ವೇದಿಕೆಯಿಂದ ನೀವು ವರ್ಷವರ್ಷವೂ ಕೇಳಿದ್ದೀರಿ. ಅದನ್ನೇ ಮರಳಿ ಹೇಳಿ ನಿಮ್ಮ ತಾಳ್ಮೆಯನ್ನು ಪರೀಕ್ಷಿಸಲಾರೆವು. ನಮ್ಮ ಮನೆಯ ಪಿಟೀಲೊಂದರ ಸಂಗತಿಯನ್ನು ಹೇಳುತ್ತೇವೆ. ಕನ್ನಡದ ಮಾತು ಅದರ ಜೊತೆಯಲ್ಲಿಯೇ ಬರುತ್ತದೆ.

ನಮ್ಮ ತಾತನವರು ಹರಿಕಥೆಗಳಿಗೆ ಪಿಟೀಲಿನ ಪಕ್ಕವಾದ್ಯ ನುಡಿಸುತ್ತಿದ್ದವರು. ರಾಯದುರ್ಗ, ಕಲ್ಯಾಣದುರ್ಗ, ಬಳ್ಳಾರಿ ಸೀಮೆಗಳ ರಾಮನವಮಿಯ ಚಪ್ಪರಗಳಲ್ಲಿ ರಾತ್ರಿಯೆಲ್ಲ ನುಡಿಸಿ, ಬೆಳಗಿನ ಜಾವ ಎತ್ತಿನ ಗಾಡಿಯಲ್ಲಿ ಮನೆಗೆ ಹಿಂದಿರುಗುತ್ತಿದ್ದರಂತೆ. ಇಂದಿನ ಊರಿನಲ್ಲಿ ಕಥೆ ತೆಲುಗಿನಲ್ಲಿ ನಡೆದರೆ ಮರುದಿನದ ಊರಿನಲ್ಲಿ ಕನ್ನಡದಲ್ಲಿ. ದಾಸರು ಭಾಷೆಯನ್ನು ಬದಲಿಸಬೇಕಾಗಿತ್ತು. ತಾತನವರು ಶ್ರುತಿಯನ್ನು ಬದಲಿಸಬೇಕಾಗಿರಲಿಲ್ಲ. ಅವರ ಕಾಲಾನಂತರ ಪಿಟೀಲು ಅಟ್ಟವನ್ನೇರಿತು. ನಮ್ಮ ತಂದೆಯವರು ಪ್ರತಿ ವರ್ಷ ಆಯುಧಪೂಜೆಯ ದಿನ ಪೆಟ್ಟಿಗೆಯನ್ನು ಕೆಳಗಿಳಿಸಿ, ಮುಚ್ಚಳದ ಮೇಲೆ ಕುಂಕುಮವಿಟ್ಟು, ಮತ್ತೆ ಮೇಲಿಡುತ್ತಿದ್ದರು. ಒಳಗೆ ವಾದ್ಯದ ಗತಿಯೇನಾಗಿದೆಯೆಂದು ಯಾರೂ ನೋಡಿದವರಲ್ಲ.

ಹಳೆಯ ಮನೆ ಪಾಲಾದ ವರ್ಷ ಪೆಟ್ಟಿಗೆಯನ್ನು ತೆರೆಯಬೇಕಾಯಿತು. ದಾಯಾದಿಗಳಲ್ಲೊಬ್ಬ ಯುವಕನು ಮೊಬೈಲಿನ ಬೆಳಕನ್ನು ವಾದ್ಯದ ರಂಧ್ರದೊಳಗೆ ಬಿಟ್ಟು, ಅಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿದನು. ಅದರ ಮೇಲೆ 'ಆಂಟೋನಿಯಸ್ ಸ್ಟ್ರಾಡಿವೇರಿಯಸ್' ಎಂದಿತ್ತು! ಇಟಲಿಯ ಕ್ರೆಮೋನಾ ಪಟ್ಟಣದಲ್ಲಿದ್ದು 1737ರಲ್ಲಿ ಕಾಲವಾದ ಆ ಮಹಾಶಿಲ್ಪಿಯ ಪಿಟೀಲುಗಳು ಕೋಟಿಗಟ್ಟಲೆ ಬೆಲೆಗೆ ಮಾರಾಟವಾಗುತ್ತವೆಂಬ ಸುದ್ದಿ ಕ್ಷಣಮಾತ್ರದಲ್ಲಿ ಮನೆಯೆಲ್ಲ ಹಬ್ಬಿತು. ಅಟ್ಟದಲ್ಲಿದ್ದಷ್ಟು ಕಾಲ ಯಾರಿಗೂ ಬೇಡವಾಗಿದ್ದ ವಾದ್ಯಕ್ಕೆ ಆ ಸಂಜೆಯೇ ಐವರು ಹಕ್ಕುದಾರರು ಹುಟ್ಟಿಕೊಂಡರು. ಮಾರಿ ಪಾಲು ಹಂಚಿಕೊಳ್ಳೋಣವೆಂದು ತೀರ್ಮಾನವೂ ಆಯಿತು.

ಬೆಂಗಳೂರಿನ ವಾದ್ಯ ದುರಸ್ತಿಗಾರರೊಬ್ಬರು ಚೀಟಿಯನ್ನು ನೋಡಿ ನಕ್ಕರು. ಅದರ ಕೆಳತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ 'ಮೇಡ್ ಇನ್ ಜರ್ಮನಿ' ಎಂದಿತ್ತು. ಸ್ಟ್ರಾಡಿವೇರಿಯ ಮಾದರಿಯನ್ನನುಸರಿಸಿ ಜರ್ಮನಿಯ ಕುಶಲಕರ್ಮಿಗಳು ಅಸಂಖ್ಯಾತ ಪಿಟೀಲುಗಳನ್ನು ಮಾಡಿ, ಅವನ ಹೆಸರನ್ನೇ ಒಳಗೆ ಅಂಟಿಸಿ ದೇಶದೇಶಗಳಿಗೆ ಕಳುಹಿಸುತ್ತಿದ್ದರು. ಹೊರಗಿನಿಂದ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕವು 1890ರಲ್ಲಿ ಕಾಯಿದೆ ಮಾಡಿದ ತರುವಾಯ ಇಂಥ ಗುರುತುಗಳು ಸಾಮಾನ್ಯವಾದವು. ಈ ವಿಷಯ ತಿಳಿದೊಡನೆ ಹಕ್ಕುದಾರರು ಬಂದಷ್ಟೇ ವೇಗವಾಗಿ ಹಿಂದೆ ಸರಿದರು. ಪಿಟೀಲು ನಮ್ಮ ಪಾಲಿಗೆ ಉಳಿಯಿತು.

ಅದರ ಸ್ಥಿತಿಯಾದರೋ ಶೋಚನೀಯವಾಗಿತ್ತು. ಪಿಟೀಲಿನ ಮೇಲ್ಹಲಗೆ ಸ್ಪ್ರೂಸ್ ಎಂಬ ಹಗುರವಾದ ಮರದ್ದು. ಬೆನ್ನು, ಪಕ್ಕ, ಕತ್ತುಗಳು ಮೇಪಲ್ ಎಂಬ ಗಟ್ಟಿ ಮರದವು. ಇವೆರಡೂ ಶೀತದೇಶದ ಮರಗಳು. ನಮ್ಮ ಸೀಮೆಯ ಬೇಸಿಗೆಯಲ್ಲಿ, ಅದರಲ್ಲಿಯೂ ಕಾದ ಮಾಳಿಗೆಯ ಕೆಳಗಿನ ಅಟ್ಟದಲ್ಲಿ, ಒಣಗಿ ಒಣಗಿ ಮೇಲ್ಹಲಗೆ ಎರಡು ಕಡೆ ಸೀಳಿತ್ತು. ಕಮಾನಿನ ಕುದುರೆಯ ಬಾಲದ ಕೂದಲನ್ನು ಹುಳುಗಳು ತಿಂದು ಮುಗಿಸಿದ್ದವು. ನೆರೆಯವರು ಅಂಗಡಿಯಲ್ಲಿ ದೊರೆಯುವ ಬಿಳಿಯ ಅಂಟನ್ನು ಹಚ್ಚಿ ಬಿಗಿಯಿರೆಂದು ಸಲಹೆ ಕೊಟ್ಟಿದ್ದರು. ದುರಸ್ತಿಗಾರರು ಅದನ್ನು ಮುಟ್ಟಲೂ ಬೇಡಿರೆಂದರು. ಪ್ರಾಣಿಯ ಚರ್ಮವನ್ನು ಕುದಿಸಿ ಮಾಡುವ ಹಳೆಯ ಬಗೆಯ ಅಂಟಾದರೆ ಬಿಸಿ, ತೇವಗಳಿಂದ ಸಡಿಲವಾಗುತ್ತದೆ. ಮುಂದೆಂದಾದರೂ ವಾದ್ಯವನ್ನು ಮತ್ತೆ ಬಿಚ್ಚಿ ಸರಿಪಡಿಸಬಹುದು. ಇಂದಿನ ಅಂಟು ಒಮ್ಮೆ ಹಿಡಿಯಿತೆಂದರೆ ಬಿಡಿಸಹೋದಾಗ ಮರವೇ ಕಿತ್ತುಬರುತ್ತದೆ. ಮುಂದೆ ದುರಸ್ತಿ ಮಾಡುವವನನ್ನು ನೆನೆದು ಇಂದು ಅಂಟು ಹಚ್ಚುವ ಆ ವಿವೇಕವನ್ನು ನಾವು ಮೆಚ್ಚಿಕೊಂಡೆವು.

ಅವರು ಮೇಲ್ಹಲಗೆಯನ್ನು ಎಬ್ಬಿಸಿ, ಸೀಳುಗಳನ್ನು ಕೂಡಿಸಿ, ಒಳಗಡೆ ತೆಳುವಾದ ಮರದ ತುಂಡುಗಳನ್ನು ಆಸರೆಯಾಗಿ ಅಂಟಿಸಿದರು. ಹೊಸ ಬಿರಡೆ, ಹೊಸ ಕುದುರೆ, ಹೊಸ ತಂತಿಗಳಾದವು. ಕಡೆಯದಾಗಿ, ಕಡ್ಡಿಯಂಥ ಸಣ್ಣ ಗೂಟವೊಂದನ್ನು ರಂಧ್ರದ ಮೂಲಕ ಒಳಕ್ಕೆ ತೂರಿಸಿ, ಕುದುರೆಯ ಒಂದು ಕಾಲಿನ ಹಿಂಭಾಗಕ್ಕೆ ಸರಿಯಾಗಿ, ಮೇಲ್ಹಲಗೆಗೂ ಬೆನ್ನಿಗೂ ನಡುವೆ ನಿಲ್ಲಿಸಿದರು. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ಹಲಗೆಗಳ ನಡುವಣ ಬಿಗಿಯಿಂದಲೇ ಅದು ನಿಲ್ಲಬೇಕು. ಕೂದಲೆಳೆಯಷ್ಟು ಜರುಗಿದರೂ ಧ್ವನಿ ಬೇರೆಯಾಗುತ್ತದೆ. ಫ್ರೆಂಚರೂ ಇಟಲಿಯವರೂ ಈ ಗೂಟವನ್ನು ತಂತಮ್ಮ ಭಾಷೆಗಳಲ್ಲಿ 'ಆತ್ಮ' ಎಂದೇ ಕರೆಯುತ್ತಾರೆ.

ವಾದ್ಯ ಪರದೇಶದ್ದಾಯಿತಲ್ಲ ಎಂದು ಕೆಲವರು ಮೂಗು ಮುರಿದರು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯರಿಂದ ಇದನ್ನು ಕಲಿತು ನಮ್ಮ ಸಂಗೀತಕ್ಕೆ ಅಳವಡಿಸಿದರು. ತಿರುಮಕೂಡಲಿನ ಚೌಡಯ್ಯನವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ ಇದರ ನಾದವನ್ನು ಹಿಗ್ಗಿಸಿದರು. 'ಫಿಡ್ಲ್' ಎಂಬ ಮಾತೇ ನಮ್ಮ ನಾಲಗೆಯ ಮೇಲೆ ಹೊರಳಿ 'ಪಿಟೀಲು' ಆಯಿತು. ಇನ್ನೆಷ್ಟು ನಮ್ಮದಾಗಬೇಕು?

ದುರಸ್ತಿಗೆ ಹಣ ಸಾಕಾಗಿತ್ತು; ಕಲಿಕೆಗೆ ಬೆರಳುಗಳು ಬೇಕಾದವು. ನಾವೂ ನಮ್ಮ ಮಗಳೂ ಒಟ್ಟಿಗೆ ಕಲಿಯಲಾರಂಭಿಸಿದೆವು. ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಬಲಪಾದದ ಮೇಲಿರಿಸಿ, ಮತ್ತೊಂದು ತುದಿಯನ್ನು ಎಡಭುಜಕ್ಕೆ ಆನಿಸಿ, ಮೊದಲ ತಿಂಗಳು ಬರಿಯ ತಂತಿಗಳ ಮೇಲೆ ಷಡ್ಜ ಪಂಚಮಗಳನ್ನು ಎಳೆದದ್ದೇ ಎಳೆದದ್ದು. ವೀಣೆಗಿರುವಂತೆ ಇಲ್ಲಿ ಮೆಟ್ಟಿಲುಗಳಿಲ್ಲ. ಸ್ವರಸ್ಥಾನವನ್ನು ಕಿವಿಯೇ ಬೆರಳಿಗೆ ತೋರಬೇಕು. ನಲವತ್ತು ದಾಟಿದವರ ಬೆರಳು ಕಿವಿಯ ಮಾತನ್ನು ಅಷ್ಟು ಸುಲಭವಾಗಿ ಕೇಳದು. ಮಗಳು ಜಂಟಿವರಸೆಗೆ ಹೋದಾಗ ನಾವಿನ್ನೂ ಸರಳೆಯಲ್ಲಿಯೇ ಇದ್ದೆವು.

ನಮ್ಮ ಗುರುಗಳು ತೆಲುಗರು, ವೃದ್ಧರು, ಕನ್ನಡ ಓದಲು ಬಾರದವರು. ಮಾಯಾಮಾಳವಗೌಳದ ಸರಳೆ ಜಂಟಿಗಳು ಮುಗಿದ ಬಳಿಕ ಮಲಹರಿಯ ಪಿಳ್ಳಾರಿ ಗೀತೆಗಳನ್ನು ಆರಂಭಿಸಿದರು. ಈ ಪಾಠಕ್ರಮವೂ ಗೀತೆಗಳೂ ಪುರಂದರದಾಸರವೆಂದು ಸಂಪ್ರದಾಯ. ಮದರಾಸಿನಲ್ಲಿ ಕಲಿತರೂ ವಿಜಯವಾಡದಲ್ಲಿ ಕಲಿತರೂ ಮಗು ಮೊದಲು ಹಾಡುವುದು ಇವನ್ನೇ. ಕೆರೆಯ ನೀರನ್ನು ಕೆರೆಗೇ ಅರ್ಪಿಸುವ ದೃಷ್ಟಾಂತವುಳ್ಳ ಗೀತೆ ಬಂದ ದಿನ ಗುರುಗಳು ಕಮಾನನ್ನು ಕೆಳಗಿಟ್ಟು, "ಅಯ್ಯವಾರೂ, ಐವತ್ತು ವರ್ಷದಿಂದ ಇದನ್ನು ಪಾಠ ಹೇಳುತ್ತಿದ್ದೇನೆ. ಈ 'ಕೆರೆ' ಎಂದರೇನು?" ಎಂದು ಕೇಳಿದರು. ತಮ್ಮ 'ಚೆರುವು' ಅದೇ ಎಂದೆವು. ನಮ್ಮ ಕಿವಿ ಅವರ ಚೆವಿ, ನಮ್ಮ ಕೈ ಅವರ ಚೇಯಿ, ಹಾಗೆಯೇ ಇದೂ ಎಂದೆವು. ಗಣಪತಿಯ ಗೀತೆಯಲ್ಲಿ ಸಂಸ್ಕೃತ ಪದಗಳ ನಡುವೆ ಕುಳಿತಿರುವ 'ಲಕುಮಿ'ಯು ಲಕ್ಷ್ಮಿಯ ಕನ್ನಡ ತದ್ಭವವೆಂದೂ ತಿಳಿಸಿದೆವು. ವೃದ್ಧರು ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಆ ಗೀತೆಯನ್ನು ಮೊದಲಿಂದ ನುಡಿಸಿದರು. ತಾತನವರ ಪಿಟೀಲಿನಲ್ಲಿ ಅಂಥ ನಾದವಿದ್ದೀತೆಂದು ನಾವು ಎಣಿಸಿರಲಿಲ್ಲ.

ಅಂದಿನಿಂದ ವಾರಕ್ಕೊಂದು ಗೀತೆಯ ಪದಗಳನ್ನೂ ಅರ್ಥವನ್ನೂ ತೆಲುಗು ಲಿಪಿಯಲ್ಲಿ ಬರೆದು ಅವರ ಶಿಷ್ಯರಿಗೆ ಕೊಡುತ್ತಿದ್ದೇವೆ. ಅವರು ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ಕನ್ನಡ ತರಗತಿಗಳ ಮಕ್ಕಳಿಗೆ ಹಾಡಲು ಕಲಿಸುತ್ತಾರೆ. ಸಂಭಾವನೆಯ ಮಾತೆತ್ತಿದರೆ ಕೋಪಿಸಿಕೊಳ್ಳುತ್ತಾರೆ.

ಒಂದು ವಿಜ್ಞಾಪನೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಿಯಾದರೂ ಹಳೆಯ ಪಿಟೀಲಿದ್ದರೆ ಅವಸರದಿಂದ ತಂತಿ ಬಿಗಿಯಬೇಡಿರಿ. ಮೆಲ್ಲನೆ ಅಲುಗಿಸಿ ನೋಡಿರಿ. ಒಳಗೆ ಕಡ್ಡಿ ಉರುಳಾಡುವ ಸದ್ದು ಕೇಳಿದರೆ ಗೂಟ ಬಿದ್ದಿದೆಯೆಂದರ್ಥ. ಆಗ ತಂತಿ ಬಿಗಿದರೆ ಮೇಲ್ಹಲಗೆ ಕುಸಿಯುತ್ತದೆ. ದುರಸ್ತಿಗಾರರ ವಿಳಾಸವನ್ನು ಸಭೆಯ ಬಳಿಕ ಕೊಡುತ್ತೇವೆ.

ಈಗ ನಮ್ಮ ಮಗಳು ಮಲಹರಿಯ ಒಂದು ಗೀತೆಯನ್ನು ನುಡಿಸುತ್ತಾಳೆ. ಗುರುಗಳು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ.